ಓದುಗರ ಪ್ರಶ್ನೆ: ಗ್ರೀಕರ ನೆಲದಲ್ಲಿ ಫ್ರಾಂಕರ ಸಂಸ್ಥಾನ

ಹೋದ ಸಂಚಿಕೆಯಲ್ಲಿ ಅಖಾಯಾ ಸಂಸ್ಥಾನದ ಬಗ್ಗೆ ಒಂದು ಪುಟದ ಟಿಪ್ಪಣಿ ಹಾಕಿದ್ದೆವು. ಗ್ರೀಸಿನ ದಕ್ಷಿಣ ತುದಿಯ ಪೆಲೊಪೊನೀಸ್ ಪರ್ಯಾಯ ದ್ವೀಪದಲ್ಲಿ, ಆ ಕಾಲದ ಹೆಸರಿನಲ್ಲಿ ಹೇಳುವುದಾದರೆ ಮೊರಿಯಾದಲ್ಲಿ, ಫ್ರೆಂಚ್ ನೈಟ್‌ಗಳು, ಅಂದರೆ ಕವಚ ತೊಟ್ಟ ಕುದುರೆಸವಾರ ಯೋಧರು, 1205ರಲ್ಲಿ ಕಟ್ಟಿದ ರಾಜ್ಯ ಅದು. 1432ರವರೆಗೆ ಹೇಗೋ ಉಸಿರಾಡಿತು. ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಆಯ್ದವಕ್ಕೆ ಇಲ್ಲಿ ಉತ್ತರವಿದೆ.

ಪ್ರಶ್ನೆ: ಶರಣು ಸರ. ಕ್ರುಸೇಡ್ ಅಂದ್ರ ಜೆರುಸಲೇಮ್ ಸಲುವಾಗಿ ನಡೆದ ಯುದ್ಧ ಅಂತ ಸಾಲ್ಯಾಗ ಓದೀವಿ. ಗ್ರೀಕರೂ ಕ್ರೈಸ್ತರೇ ಅಲ್ರೀ? ಅವರ ಮ್ಯಾಲೆ ಇವರು ಯಾಕ ಬಿದ್ರು?
— ಓದುಗರು, ಚಿತ್ತಾಪುರ

ಉತ್ತರ: ಧರ್ಮದ ಜಗಳಕ್ಕಿಂತ ಹಡಗಿನ ಬಾಡಿಗೆಯ ಲೆಕ್ಕದಿಂದ ಶುರು ಮಾಡಿದರೆ ಇದು ಬೇಗ ತಿಳಿಯುತ್ತದೆ. 1201ರಲ್ಲಿ ನಾಲ್ಕನೆಯ ಕ್ರುಸೇಡಿನ ಮುಖಂಡರು ವೆನಿಸ್ ನಗರದೊಂದಿಗೆ ಕರಾರು ಮಾಡಿಕೊಂಡರು. 4,500 ನೈಟ್‌ಗಳು, ಅವರ 4,500 ಕುದುರೆಗಳು, 9,000 ಸಹಾಯಕರು, 20,000 ಕಾಲಾಳುಗಳು, ಇಷ್ಟನ್ನೂ ಸಮುದ್ರ ದಾಟಿಸಬೇಕು. ದರ ಕುದುರೆಗೆ 4 ಬೆಳ್ಳಿ ಮಾರ್ಕ್, ಆಳಿಗೆ 2 ಮಾರ್ಕ್. ಕುದುರೆಗಳಿಗೆ 18,000, ಆಳುಗಳಿಗೆ 67,000, ಒಟ್ಟು 85,000 ಮಾರ್ಕ್. ವೆನಿಸ್ ತನ್ನ ವ್ಯಾಪಾರವನ್ನೆಲ್ಲ ಬದಿಗಿಟ್ಟು ಹಡಗು ಕಟ್ಟಿತು. 1202ರ ಬೇಸಿಗೆಯಲ್ಲಿ ನೋಡಿದರೆ ಬಂದದ್ದು ಮೂರನೆಯ ಒಂದು ಪಾಲು ಜನ. ಬಂದವರೆಲ್ಲ ಜೇಬು ಝಾಡಿಸಿದರೂ 34,000 ಮಾರ್ಕ್ ಕಡಿಮೆ ಬಿತ್ತು.

ಆ ಬಾಕಿಗಾಗಿ ವೆನಿಸ್‌ನ ಮುಖ್ಯಸ್ಥ, ಕಣ್ಣು ಕಾಣದ ಮುದುಕ ಎನ್ರಿಕೊ ದಾಂದೊಲೊ, ಮೊದಲು ಜಾರಾ ಎಂಬ ಕ್ರೈಸ್ತ ಪಟ್ಟಣವನ್ನೇ ಹಿಡಿದುಕೊಡಿ ಎಂದ. ಅಲ್ಲಿಂದ ಮುಂದೆ, ಪದಚ್ಯುತ ಬೈಜಾಂಟಿಯನ್ ಚಕ್ರವರ್ತಿಯ, ಅಂದರೆ ಕಾನ್‌ಸ್ಟಾಂಟಿನೋಪಲ್‌ನಿಂದ ಆಳುತ್ತಿದ್ದ ಗ್ರೀಕ್ ಚಕ್ರವರ್ತಿಯ, ಮಗ ಅಲೆಕ್ಸಿಯೊಸ್ ಬಂದು, ನನ್ನನ್ನು ಗಾದಿಗೆ ಕೂಡಿಸಿದರೆ 2,00,000 ಮಾರ್ಕ್ ಕೊಡುತ್ತೇನೆ ಎಂದು ಮಾತು ಕೊಟ್ಟ. ಕೂಡಿಸಿದರು, ಖಜಾನೆಯಲ್ಲಿ ಅಷ್ಟು ಹಣವಿರಲಿಲ್ಲ. ಕೊಡಲಾಗದ ಅವನನ್ನು ಅವನ ಜನರೇ ಕೊಂದರು. 1204ರ ಏಪ್ರಿಲ್‌ನಲ್ಲಿ ಕ್ರುಸೇಡರು ಕಾನ್‌ಸ್ಟಾಂಟಿನೋಪಲ್ ನಗರವನ್ನು ಲೂಟಿ ಮಾಡಿ, ಸಾಮ್ರಾಜ್ಯವನ್ನೇ ಕಾಗದದ ಮೇಲೆ ಹಂಚಿಕೊಂಡರು. ವೆನಿಸ್‌ಗೆ ಎಂಟರಲ್ಲಿ ಮೂರು ಪಾಲು ಬಂತು. ಫ್ಲಾಂಡರ್ಸ್‌ನ ಬಾಲ್ಡ್ವಿನ್ ಚಕ್ರವರ್ತಿಯಾದ, ಮೋಂಫೆರಾಟ್‌ನ ಬೋನಿಫೇಸ್‌ಗೆ ಥೆಸಲೋನಿಕಿ ಸಿಕ್ಕಿತು. ಹಂಚಿಕೆಯಾದ ನೆಲವನ್ನು ಗೆಲ್ಲುವ ಕೆಲಸ ಆಮೇಲಿನದು.

ಪ್ರಶ್ನೆ: ಇಡೀ ಮೊರಿಯಾವನ್ನು ನೂರು ಸವಾರರು ಗೆದ್ದರು ಎಂದು ಬರೆದಿದ್ದೀರಿ. ನಂಬುವುದು ಹೇಗೆ?
— ನಿವೃತ್ತ ಶಿಕ್ಷಕರು, ಹುಮನಾಬಾದ್

ಉತ್ತರ: ನೂರು ನೈಟ್‌ಗಳು ಮತ್ತು ಅವರ ಹಿಂದೆ ಕೆಲವು ನೂರು ಸೈನಿಕರು ಎಂದು ಓದಿಕೊಳ್ಳಿ. ಗೆದ್ದದ್ದು ಕತ್ತಿಯಿಂದ ಎನ್ನುವುದಕ್ಕಿಂತ ಕರಾರಿನಿಂದ ಎನ್ನುವುದು ಸರಿ.

ಜೆಫ್ರಿ ವಿಲಾರ್ದುವಾನ್ ಸಿರಿಯಾದಿಂದ ಮರಳುತ್ತಿದ್ದವ. 1204ರ ಚಳಿಗಾಲದಲ್ಲಿ ಬಿರುಗಾಳಿ ಅವನ ಹಡಗನ್ನು ಮೆಥೋನಿ ಬಂದರಿಗೆ ತಳ್ಳಿತು. ಅಲ್ಲಿನ ಒಬ್ಬ ಗ್ರೀಕ್ ಜಮೀನ್ದಾರ ತನ್ನ ಅಕ್ಕಪಕ್ಕದವರನ್ನು ಮಟ್ಟ ಹಾಕಲು ಇವನನ್ನು ಕೂಡಿಸಿಕೊಂಡ. ಅವನು ಸತ್ತು ಅವನ ಮಗ ತಿರುಗಿಬಿದ್ದಾಗ, ಜೆಫ್ರಿ ನೌಪ್ಲಿಯಾಕ್ಕೆ ಮುತ್ತಿಗೆ ಹಾಕಿ ಕುಳಿತಿದ್ದ ಬೋನಿಫೇಸ್‌ನ ಪಾಳೆಯಕ್ಕೆ ಹೋಗಿ, ತನ್ನ ಊರ ಕಡೆಯ ವಿಲಿಯಂ ಶಾಂಪ್ಲಿತ್‌ನನ್ನು ಕರೆತಂದ. ಇಬ್ಬರೂ ಪಶ್ಚಿಮದ ಕರಾವಳಿ ಹಿಡಿದು ಕೆಳಗಿಳಿದರು. ಆ ಬದಿಯ ಬಯಲಿನಲ್ಲಿ ಗಟ್ಟಿ ಕೋಟೆಗಳಿರಲಿಲ್ಲ. ಆಂಡ್ರವಿಡಾ ಊರಿಗಂತೂ ಗೋಡೆಯೇ ಇರಲಿಲ್ಲ. 1205ರಲ್ಲಿ ಕೌಂಡೂರೊಸ್ ಎಂಬಲ್ಲಿನ ಆಲಿವ್ ತೋಪಿನ ಬಳಿ ನಡೆದ ಒಂದೇ ಒಂದು ದೊಡ್ಡ ಕಾಳಗದಲ್ಲಿ ಗ್ರೀಕರ ಕೂಡುಪಡೆ ಮುರಿಯಿತು.

ಮಿಕ್ಕದ್ದು ಮಾತುಕತೆ. ಶರಣಾದ ಗ್ರೀಕ್ ಜಮೀನ್ದಾರರ, ಅಂದರೆ ಆರ್ಖಾನರ, ಭೂಮಿ ಅವರಿಗೇ ಉಳಿಯಿತು. ಅವರ ಚರ್ಚು ಮತ್ತು ಪೂಜಾವಿಧಿಗೂ ಕೈ ಹಾಕಲಿಲ್ಲ. ಹೊಸಬರು ಹಂಚಿಕೊಂಡದ್ದು ಮುಖ್ಯವಾಗಿ ಚಕ್ರವರ್ತಿಯ ಖಾಸಾ ಜಮೀನು ಮತ್ತು ಓಡಿಹೋದವರ ಜಮೀನು. ಗೆಲುವು ನಿಂತದ್ದು ಗೋಡೆ ಇದ್ದಲ್ಲಿ. ಕೊರಿಂಥ್ ಬೆಟ್ಟದ ಕೋಟೆ 1210ರವರೆಗೆ ತಡೆಯಿತು, ನೌಪ್ಲಿಯಾ ಮತ್ತು ಆರ್ಗೊಸ್ 1212ರ ಹೊತ್ತಿಗೆ ಬಿದ್ದವು. ಮೆಥೋನಿ, ಕೊರೋನಿ ಬಂದರುಗಳನ್ನು ವೆನಿಸ್ ತಾನೇ ಕಿತ್ತುಕೊಂಡಿತು. ಶಾಂಪ್ಲಿತ್‌ನ ಬಳಿಕ ಸಂಸ್ಥಾನದ ದೊರೆಯಾದ ಜೆಫ್ರಿ 1209ರಲ್ಲಿ ಅದನ್ನು ಸಹಿ ಹಾಕಿ ಒಪ್ಪಿದ.

ಕೊನೆಯದು ಮೊನೆಂವಾಸಿಯಾ. ಸಮುದ್ರದೊಳಗಿನ ಬಂಡೆಯ ಮೇಲಿನ ಊರು, ನೆಲಕ್ಕೆ ಅಂಟಿರುವುದು ಒಂದೇ ಇಕ್ಕಟ್ಟು ದಾರಿಯಿಂದ. ನೆಲದ ಕಡೆಯಿಂದ ಎಷ್ಟು ಸುತ್ತುವರಿದರೇನು, ಸಮುದ್ರದಿಂದ ಕಾಳು ಬರುತ್ತಿರುತ್ತದೆ. ಆದ್ದರಿಂದ ವೆನಿಸ್‌ನಿಂದ 4 ಯುದ್ಧನೌಕೆ ತರಿಸಬೇಕಾಯಿತು. ಮೂರು ವರ್ಷದ ಮುತ್ತಿಗೆಯ ಬಳಿಕ 1248ರಲ್ಲಿ, ಬೆಕ್ಕು ಇಲಿ ತಿಂದು ಮುಗಿದ ಮೇಲೆ, ಊರವರು ಬೀಗದಕೈ ಕೊಟ್ಟರು. ಆಗಲೂ ಅವರ ಷರತ್ತು ನೋಡಿ: ನಾವು ಹಡಗಿನ ಚಾಕರಿ ಮಾತ್ರ ಮಾಡುತ್ತೇವೆ, ಅದಕ್ಕೂ ಸಂಬಳ ಕೊಡಬೇಕು.

ಪ್ರಶ್ನೆ: ಗ್ರೀಕರು ಇವರನ್ನು ಏನೆಂದು ಕರೆಯುತ್ತಿದ್ದರು?
— ಓದುಗರು, ಸೇಡಂ

ಉತ್ತರ: ಫ್ರಾಂಕರು. ಯಾವ ಊರಿನ ಪಶ್ಚಿಮದವನಾದರೂ ಅದೇ ಹೆಸರು. ಅರಬ್ಬಿ, ಪಾರ್ಸಿ ದಾಟಿ ನಮ್ಮಲ್ಲಿಗೆ ಬಂದ ‘ಫರಂಗಿ’, ಕೋಟೆಯ ಮೇಲಿನ ‘ಫಿರಂಗಿ’, ಹಳೇ ಮೈಸೂರಿನ ಕಡೆಯವರ ‘ಪರಂಗಿ ಹಣ್ಣು’ ಎಲ್ಲವೂ ಆ ಮಾತಿನ ಸಂತಾನವೇ. ಫ್ರಾಂಕ್ ತಂದೆ, ಗ್ರೀಕ್ ತಾಯಿಯ ಮಕ್ಕಳಿಗೆ ಗಾಸ್ಮೂಲರು ಎಂಬ ಬೇರೆ ಹೆಸರಿತ್ತು.

ಪ್ರಶ್ನೆ: ಬಹಮನಿಯವರ ಜಹಗೀರಿಗೂ ಇವರ ಜಹಗೀರಿಗೂ ವ್ಯತ್ಯಾಸವೇನು? ಒಬ್ಬ ಜಹಗೀರುದಾರ ಎಷ್ಟು ಆಳು ತರಬೇಕಿತ್ತು?
— ಎಂ.ಎ. ಇತಿಹಾಸ ವಿದ್ಯಾರ್ಥಿ, ಕಲಬುರಗಿ

ಉತ್ತರ: ಮೊದಲು ಲೆಕ್ಕ. ಸಂಸ್ಥಾನವನ್ನು ಬ್ಯಾರನ್‌ಗಳಿಗೆ, ಅಂದರೆ ದೊಡ್ಡ ಸಾಮಂತರಿಗೆ, ಹಂಚಿದರು. ವಾಡಿಕೆಯಲ್ಲಿ ಹನ್ನೆರಡು ಎನ್ನುತ್ತಾರೆ. ಎಣಿಕೆಯ ಘಟಕ ‘ಫೀಫ್’, ಅಂದರೆ ಒಬ್ಬ ನೈಟ್‌ನನ್ನು ಕುದುರೆ, ಕವಚಸಮೇತ ಸಾಕುವಷ್ಟು ಹುಟ್ಟುವಳಿಯ ಜಮೀನು. ಪಟ್ರಾಸ್‌ಗೆ 24, ಆಕೊವಾಕ್ಕೆ 24, ಕರೀಟೆನಾಕ್ಕೆ 22, ಕಲಾವ್ರಿಟಾಕ್ಕೆ 12, ವೊಸ್ತಿತ್ಸಾಕ್ಕೆ 8. ಮಿಕ್ಕವು ಆರು, ನಾಲ್ಕು. ಪಟ್ರಾಸ್‌ನ ಆರ್ಚ್‌ಬಿಷಪ್‌ಗೆ 8, ಉಳಿದ ಬಿಷಪ್‌ಗಳಿಗೂ ಟೆಂಪ್ಲರ್ ಮೊದಲಾದ ಯೋಧಸಂಘಗಳಿಗೂ ತಲಾ 4.

ನಾಲ್ಕಕ್ಕಿಂತ ಹೆಚ್ಚು ಫೀಫ್ ಇದ್ದವನು ಪ್ರತಿ ಫೀಫ್‌ಗೆ ಒಬ್ಬ ನೈಟ್‌ನನ್ನು, ಇಲ್ಲವೇ ಇಬ್ಬರು ಸಾಮಾನ್ಯ ಸವಾರರನ್ನು ತರಬೇಕು. ಹಾಗಾಗಿ ಕರೀಟೆನಾದವನು ಕರೆ ಬಂದಾಗ 22 ನೈಟ್ ಅಥವಾ 44 ಸವಾರರೊಡನೆ ನಿಲ್ಲಬೇಕು. ವರ್ಷವನ್ನೂ ಮೂರು ಭಾಗ ಮಾಡಿದ್ದರು: ನಾಲ್ಕು ತಿಂಗಳು ಕೋಟೆ ಕಾವಲು, ನಾಲ್ಕು ತಿಂಗಳು ದಂಡಿನ ಚಾಕರಿ, ನಾಲ್ಕು ತಿಂಗಳು ಸ್ವಂತ ಮನೆ. ಪಶ್ಚಿಮ ಯುರೋಪಿನಲ್ಲಿ ವರ್ಷಕ್ಕೆ 40 ದಿನದ ಚಾಕರಿ ರೂಢಿಯಾಗಿದ್ದಾಗ ಇಲ್ಲಿ ಎಂಟು ತಿಂಗಳು. ಜನ ಕಡಿಮೆ, ಶತ್ರು ಎಲ್ಲ ಕಡೆ, ಬೇರೆ ದಾರಿಯಿರಲಿಲ್ಲ. ಒಬ್ಬ ನೈಟ್ ಸತ್ತರೆ ಅವನ ಜಾಗಕ್ಕೆ ಫ್ರಾನ್ಸಿನಿಂದಲೇ ಮತ್ತೊಬ್ಬ ಬರಬೇಕು, ಇಲ್ಲವೇ ಅವನ ಮಗ ಬೆಳೆಯುವವರೆಗೆ ಕಾಯಬೇಕು. ಈ ಸಂಸ್ಥಾನದ ಯಾವ ಕಾನೂನನ್ನೇ ತೆಗೆದುಕೊಳ್ಳಿ, ತಳದಲ್ಲಿ ಈ ಜನರ ಕೊರತೆ ಕಾಣುತ್ತದೆ.

ಇನ್ನು ಹೋಲಿಕೆ. ಬಹಮನಿ ತರಫ್‌ದಾರ ಸುಲ್ತಾನ ನೇಮಿಸಿದ ಅಧಿಕಾರಿ. ಅವನನ್ನು ಎತ್ತಂಗಡಿ ಮಾಡಬಹುದು. ಬಹಮನಿ ವಜೀರ ಮಹಮೂದ್ ಗವಾನ್ ನಾಲ್ಕು ತರಫುಗಳನ್ನು, ಅಂದರೆ ಪ್ರಾಂತ್ಯಗಳನ್ನು, ಎಂಟು ಮಾಡಿ, ಒಬ್ಬ ತರಫ್‌ದಾರನ ಕೈಯಲ್ಲಿ ಒಂದೇ ಕೋಟೆ, ಉಳಿದ ಕೋಟೆಗಳಿಗೆ ಸುಲ್ತಾನನ ಕಡೆಯ ಕಿಲ್ಲೇದಾರರು ಎಂದು ಗೊತ್ತುಮಾಡಿದ. ಅಖಾಯಾದ ರಾಜನಿಗೆ ಅಂಥ ಕನಸೂ ಬೀಳುವಂತಿರಲಿಲ್ಲ. ಬ್ಯಾರನ್‌ನ ಫೀಫ್ ವಂಶಪಾರಂಪರ್ಯ, ಅವನ ಕೋಟೆ ಅವನದು. ಅವನನ್ನು ಶಿಕ್ಷಿಸಲು ಅವನ ಸರಿಸಮಾನರ ಪಂಚಾಯಿತಿ ಬೇಕು. ಗಡಿಯ ಕೋಟೆಯನ್ನು ಪರರಿಗೆ ಕೊಡಲು ಸಾಮಂತರ ಒಪ್ಪಿಗೆ ಬೇಕು. ಈ ಕಟ್ಟಳೆಗಳು 14ನೆಯ ಶತಮಾನದಲ್ಲಿ ‘ರೊಮೇನಿಯಾದ ಅಸೈಜ್’ ಎಂಬ ಸಂಹಿತೆಯಾಗಿ ಸೇರಿದವು. ಒಟ್ಟು 219 ಕಲಮು, ನಮಗೆ ಉಳಿದದ್ದು ವೆನಿಸ್‌ನ ಭಾಷೆಯಲ್ಲಿ. ‘ರೊಮೇನಿಯಾ’ ಎಂದರೆ ಇಲ್ಲಿ ಇಂದಿನ ಆ ದೇಶವಲ್ಲ, ಬೈಜಾಂಟಿಯನ್ನರ ನಾಡು. ಪರೀಕ್ಷೆಯಲ್ಲಿ ಅನೇಕರು ಎಡವುವ ಜಾಗ ಇದು.

ಪ್ರಶ್ನೆ: ಬೀದರ್ ಕೋಟೆಯಂಥ ಕೋಟೆ ಅವರಲ್ಲಿತ್ತೇ? ಕಟ್ಟಲು ದುಡ್ಡು ಎಲ್ಲಿಂದ ಬಂತು?
— ಓದುಗರು, ಬೀದರ್

ಉತ್ತರ: ಅಷ್ಟು ದೊಡ್ಡದು ಇರಲಿಲ್ಲ. ಅವರ ಮುಖ್ಯ ಕೋಟೆ ಖ್ಲೆಮೂತ್ಸಿ. 1220ರಿಂದ 1223ರ ನಡುವೆ ಮೊದಲನೆಯ ಜೆಫ್ರಿ ಕಟ್ಟಿಸಿದ. ದುಡ್ಡು ಚರ್ಚಿನದು! ಪಾದ್ರಿಗಳ ಕೈಯಲ್ಲಿ ಸಂಸ್ಥಾನದ ಮೂರನೆಯ ಒಂದು ಪಾಲು ಭೂಮಿಯಿತ್ತು. ನೀವೂ ದಂಡಿಗೆ ಆಳು ಕೊಡಿ ಎಂದ ಜೆಫ್ರಿ; ನಾವು ಪೋಪನಿಗೆ ಮಾತ್ರ ಬಾಧ್ಯರು ಎಂದರು ಅವರು. ಇವನು ಅವರ ಆದಾಯ ಜಪ್ತಿ ಮಾಡಿದ, ಅವರು ಇವನಿಗೆ ಬಹಿಷ್ಕಾರ ಹಾಕಿಸಿದರು, ಇವನು ಆ ಹಣವನ್ನೆಲ್ಲ ಕಲ್ಲು ಸುಣ್ಣಕ್ಕೆ ಸುರಿದ. ಕೋಟೆ ಮುಗಿಯುವ ಹೊತ್ತಿಗೆ, 1223ರಲ್ಲಿ, ರಾಜಿಯೂ ಆಯಿತು.

ಜಾಗದ ಆಯ್ಕೆ ಜಾಣತನದ್ದು. ರಾಜಧಾನಿ ಆಂಡ್ರವಿಡಾ ಬಯಲಿನಲ್ಲಿ, ಗೋಡೆಯಿಲ್ಲದೆ. ಬಂದರು ಗ್ಲಾರೆಂಟ್ಸಾ ಕಡಲಂಚಿನಲ್ಲಿ. ಇಟಲಿಯಿಂದ ಕುದುರೆ, ಆಳು, ಹಣ ಇಳಿಯುವುದು ಅಲ್ಲೇ. ಎರಡನ್ನೂ ಕಣ್ಣಳತೆಯಲ್ಲಿ ಇಟ್ಟುಕೊಂಡ ಗುಡ್ಡದ ಮೇಲೆ ಖ್ಲೆಮೂತ್ಸಿ. ಒಳಕೋಟೆ ಆರು ಮೂಲೆಯದು, ನಡುವೆ ಅಂಗಳ. ಅಂಗಳದ ಸುತ್ತ ಗೋಡೆಗೆ ಒತ್ತಿಕೊಂಡೇ ಎರಡಂತಸ್ತಿನ ಉದ್ದ ಹಜಾರಗಳು: ಕೆಳಗೆ ಉಗ್ರಾಣ, ಮೇಲೆ ವಾಸ. ಮೇಲಿನ ಹಜಾರಗಳಿಗೆ ಕಲ್ಲಿನ ಕಮಾನು ಚಾವಣಿ, ಗೋಡೆಯಲ್ಲಿ ಬೆಂಕಿಗೂಡು. ಹೊರಗೆ ಇನ್ನೊಂದು ಸುತ್ತುಗೋಡೆ, ಅದರೊಳಗೆ ಆಳುಕಾಳುಗಳ ಬಿಡಾರ. ಬೀದರ್‌ನಲ್ಲಿ ಜಾಂಬಿಟ್ಟಿಗೆಯ ಬಂಡೆಯನ್ನೇ ಕಡಿದು ಮೂರು ಸಾಲು ಕಂದಕ ತೋಡಿದ ಕಡೆ ನೋಡಿದವರಿಗೆ ಇದು ಸಪ್ಪೆ ಎನಿಸಬಹುದು. ಬೀದರ್ ಕೋಟೆ ಒಂದು ರಾಜಧಾನಿಯನ್ನು ಹೊಟ್ಟೆಯಲ್ಲಿಟ್ಟುಕೊಳ್ಳಲು ಕಟ್ಟಿದ್ದು, ಖ್ಲೆಮೂತ್ಸಿ ಒಂದು ಮನೆತನವನ್ನು.

ಪ್ರಶ್ನೆ: ಆನ್‌ಲೈನ್ ಮಾರಾಟದಲ್ಲಿ ‘ಕ್ರುಸೇಡರ ಕೋಟೆ ನಾಣ್ಯ’ ಎಂಬುದನ್ನು ನೋಡಿದೆ. ಒಂದು ಬದಿ ಶಿಲುಬೆ, ಇನ್ನೊಂದು ಬದಿ ಕೋಟೆ. ಅಖಾಯಾದ್ದೇ ಎಂದು ಹೇಗೆ ತಿಳಿಯುವುದು?
— ನಾಣ್ಯ ಸಂಗ್ರಾಹಕರು, ಭಾಲ್ಕಿ

ಉತ್ತರ: ಚಿತ್ರ ನೋಡಿ ನಿರ್ಧರಿಸಬೇಡಿ, ಅಂಚಿನ ಅಕ್ಷರ ಓದಿ. ಇದು ಫ್ರಾನ್ಸಿನ ತೂರ್ ನಗರದ ‘ದೆನಿಯೆ ತೂರ್ನ್ವಾ’ದ ನಕಲು ಮಾದರಿ, ತಾಮ್ರದಲ್ಲಿ ತುಸು ಬೆಳ್ಳಿ ಬೆರೆಸಿದ ತೆಳು ಬಿಲ್ಲೆ, ತೂಕ ಒಂದು ಗ್ರಾಮಿಗಿಂತ ಕಡಿಮೆ. ಕೋಟೆ ಇರುವ ಬದಿಯಲ್ಲಿ ಟಂಕಸಾಲೆಯ ಹೆಸರಿರುತ್ತದೆ. ‘ದೆ ಕ್ಲಾರೆನ್ಸಿಯಾ’ ಎಂದಿದ್ದರೆ ಗ್ಲಾರೆಂಟ್ಸಾದ್ದು, ಅಂದರೆ ಅಖಾಯಾ. ‘ತೆಬೆ ಸಿವಿಸ್’ ಎಂದಿದ್ದರೆ ಥೀಬ್ಸ್‌ನದು, ಫ್ರಾಂಕರದೇ ಇನ್ನೊಂದು ರಾಜ್ಯವಾದ ಅಥೆನ್ಸ್ ಡಚಿಗೆ ಸೇರಿದ್ದು. ‘ತುರೊನುಸ್ ಸಿವಿ’ ಎಂದಿದ್ದರೆ ಮೂಲ ಫ್ರೆಂಚ್ ನಾಣ್ಯ. ಶಿಲುಬೆಯ ಬದಿಯಲ್ಲಿ ಆಳುವವರ ಹೆಸರು: ‘ಜಿ ಪ್ರಿನ್ಸೆಪ್ಸ್’ ಎಂದರೆ ಮೊದಲನೆಯ ಜೆಫ್ರಿಯ ಮಗ ಎರಡನೆಯ ವಿಲಿಯಂ, ಏಕೆಂದರೆ ಲ್ಯಾಟಿನ್ನಿನಲ್ಲಿ ಅವನ ಹೆಸರು ಗುಯಿಲೆಲ್ಮುಸ್. ‘ಇಸಾಬೆಲ್ಲಾ’, ‘ಫ್ಲೊರೆನ್ಸ್’, ‘ಮಹೌತಾ’ ಎಂದೂ ಸಿಗುತ್ತವೆ.

ಎರಡು ತಪ್ಪು ಸಾಮಾನ್ಯ. ಆ ಕೋಟೆಯ ಚಿತ್ರ ಖ್ಲೆಮೂತ್ಸಿಯದು ಎಂದು ಮಾರುವವರು ಹೇಳುತ್ತಾರೆ. ಅದು ತೂರ್‌ನಿಂದ ಬಂದ ಗುರುತು. ಖ್ಲೆಮೂತ್ಸಿಗೆ ‘ಕ್ಯಾಸ್ಟೆಲ್ ತೊರ್ನೇಸೆ’ ಎಂಬ ಅಡ್ಡಹೆಸರು ಬಿದ್ದದ್ದರಿಂದ ಟಂಕಸಾಲೆ ಅಲ್ಲೇ ಇತ್ತೆಂದೂ ಹೇಳುತ್ತಾರೆ; ಇದ್ದದ್ದು ಕೆಳಗಿನ ಬಂದರಿನಲ್ಲಿ. ಅಂಚಿನಲ್ಲಿ ಎರಕದ ಗೆರೆ ಕಂಡರೆ ಬಿಟ್ಟುಬಿಡಿ, ಇವೆಲ್ಲ ಅಚ್ಚಿನಿಂದ ಹೊಡೆದ ನಾಣ್ಯಗಳು.

ಪ್ರಶ್ನೆ: ಹೆಣ್ಣುಮಕ್ಕಳಿಗೆ ಆಸ್ತಿ ಹಕ್ಕು ಇತ್ತೆಂದು ಬರೆದಿರಿ. ‘ವರ್ಷ ಮತ್ತು ಒಂದು ದಿನ’ದ ಗಡುವು ಎಂದರೇನು?
— ವಕೀಲರು, ಆಳಂದ

ಉತ್ತರ: ಇದಕ್ಕೆ ಉತ್ತರ 1259ರ ಪೆಲಗೋನಿಯಾ ಕಾಳಗದಿಂದ ಶುರುವಾಗಬೇಕು.

ಎರಡನೆಯ ವಿಲಿಯಂ (1246–1278) ಸಂಸ್ಥಾನವನ್ನು ತುತ್ತತುದಿಗೆ ಒಯ್ದವ. ಮೊನೆಂವಾಸಿಯಾ ಗೆದ್ದ, ಸ್ಪಾರ್ಟಾದ ಬಯಲಿನ ಮೇಲೆ 1249ರಲ್ಲಿ ಮಿಸ್ತ್ರಾಸ್ ಕೋಟೆ ಕಟ್ಟಿದ. ಆಮೇಲೆ ಮಾವನಾದ, ವಾಯವ್ಯ ಗ್ರೀಸಿನ ಎಪಿರಸ್‌ನ ದೊರೆ ಮೈಕೇಲ್‌ನ ಪರವಾಗಿ, ಬೈಜಾಂಟಿಯನ್ನರ ವಿರುದ್ಧ ತನ್ನ ಇಡೀ ನೈಟ್ ಪಡೆಯನ್ನು ಉತ್ತರಕ್ಕೆ ಒಯ್ದ. ಕಾಳಗದ ಹಿಂದಿನ ರಾತ್ರಿ ಮಾವನೇ ಪಾಳೆಯ ಬಿಟ್ಟು ಓಡಿದ. ವಿಲಿಯಂ ಹುಲ್ಲಿನ ಮೆದೆಯಲ್ಲಿ ಅಡಗಿದ್ದಾಗ ಸಿಕ್ಕಿಬಿದ್ದ. ಮುಂದೆ ಚಾಚಿದ ಹಲ್ಲು ಅವನ ಗುರುತು ಹೇಳಿತು. ಮೀಸಲು ಪಡೆ ಎಂಬುದೇ ಇಲ್ಲದ ರಾಜ್ಯ ಒಂದೇ ದಿನದಲ್ಲಿ ತನ್ನ ಸವಾರರನ್ನು ಕಳೆದುಕೊಂಡಿತು.

1261ರಲ್ಲಿ ಬೈಜಾಂಟಿಯನ್ನರು ಕಾನ್‌ಸ್ಟಾಂಟಿನೋಪಲ್‌ನ್ನೇ ಮರಳಿ ಪಡೆದರು. ವಿಲಿಯಂನ ಬಿಡುಗಡೆಗೆ ಚಕ್ರವರ್ತಿ ಎಂಟನೆಯ ಮೈಕೇಲ್ ಕೇಳಿದ್ದು ಮೊನೆಂವಾಸಿಯಾ, ಮಿಸ್ತ್ರಾಸ್, ಗ್ರಾಂ ಮಾನ್ಯ್ ಕೋಟೆಗಳನ್ನು. ಗಡಿಕೋಟೆ ಕೊಡಲು ಸಾಮಂತರ ಸಭೆ ಬೇಕಲ್ಲ. ನಿಕ್ಲಿಯಲ್ಲಿ ಸಭೆ ಕೂಡಿತು. ಗಂಡಸರಲ್ಲಿ ಹೆಚ್ಚಿನವರು ಸತ್ತಿದ್ದರು ಇಲ್ಲವೇ ಸೆರೆಯಲ್ಲಿದ್ದರು, ಹಾಗಾಗಿ ಕುಳಿತವರು ಅವರ ಹೆಂಡಂದಿರು, ವಿಧವೆಯರು. ಅಥೆನ್ಸ್‌ನ ದೊರೆ ಗೀ, ಕೋಟೆ ಕೊಟ್ಟರೆ ನಾಡೇ ಹೋಗುತ್ತದೆ, ಬೇಕಾದರೆ ಅವನ ಬದಲು ನಾನೇ ಸೆರೆಮನೆಗೆ ಹೋಗುತ್ತೇನೆ ಎಂದ. ಹೆಂಗಸರಿಗೆ ತಮ್ಮ ಗಂಡಂದಿರು ಬರಬೇಕಿತ್ತು. ಕೋಟೆಗಳು ಹೋದವು. ಸೈನ್ಯದ ಲೆಕ್ಕದಲ್ಲಿ ಗೀ ಹೇಳಿದ್ದೇ ಸರಿ: ಮಿಸ್ತ್ರಾಸ್‌ನಿಂದಲೇ ಗ್ರೀಕರು ಮುಂದಿನ ನೂರೆಪ್ಪತ್ತು ವರ್ಷ ಇವರನ್ನು ಅಂಗುಲ ಅಂಗುಲ ತಿಂದರು. ಆದರೂ ಆ ಸಭೆಯಲ್ಲಿ ಕುಳಿತವರನ್ನು ದೂರಲು ಮನಸ್ಸು ಬರುವುದಿಲ್ಲ.

ಒಪ್ಪಂದದ ಜಾಮೀನಿಗೆ ಒತ್ತೆಯಾಗಿ ಕಳಿಸಿದ್ದೂ ಹೆಣ್ಣುಮಕ್ಕಳನ್ನೇ. ಅವರಲ್ಲೊಬ್ಬಳು ಪಸಾವಾದ ಬ್ಯಾರನ್‌ನ ಮಗಳು ಮಾರ್ಗರೆಟ್. ಅವಳು ಕಾನ್‌ಸ್ಟಾಂಟಿನೋಪಲ್‌ನಲ್ಲಿದ್ದಾಗ ಆಕೊವಾದ ಬ್ಯಾರನ್ ಆಗಿದ್ದ ಅವಳ ಸೋದರಮಾವ ಮಕ್ಕಳಿಲ್ಲದೆ ಸತ್ತ. 24 ಫೀಫ್‌ಗೆ ಅವಳೇ ವಾರಸುದಾರಳು. ಈಗ ನಿಮ್ಮ ಗಡುವಿಗೆ ಬನ್ನಿ. ವಾರಸುದಾರರು ನಾಡಿನಲ್ಲಿದ್ದರೆ ಒಂದು ವರ್ಷ ಒಂದು ದಿನ, ಹೊರನಾಡಿನಲ್ಲಿದ್ದರೆ ಎರಡು ವರ್ಷ ಎರಡು ದಿನದೊಳಗೆ ಖುದ್ದಾಗಿ ಬಂದು ಹಕ್ಕು ಕೇಳಬೇಕು. ಕಾರಣ ಮತ್ತೆ ಅದೇ: ಚಾಕರಿ ಮಾಡುವ ಆಳಿಲ್ಲದೆ ಫೀಫ್ ಖಾಲಿ ಬೀಳಬಾರದು. ಮಾರ್ಗರೆಟ್ ಬಿಡುಗಡೆಯಾಗಿ ಬರುವಷ್ಟರಲ್ಲಿ ಗಡುವು ಮೀರಿತ್ತು, ವಿಲಿಯಂ ಆಕೊವಾವನ್ನು ವಶಪಡಿಸಿಕೊಂಡಿದ್ದ. ಅವನ ಬಿಡುಗಡೆಗಾಗಿ ಒತ್ತೆ ಹೋದವಳೇ ಅವಳು! ಒಬ್ಬಂಟಿ ಹೆಂಗಸಿನ ವಾದ ಯಾರೂ ಕೇಳುವುದಿಲ್ಲವೆಂದು ಅವಳು ಪ್ರಬಲ ಸಾಂತ್-ಒಮೆರ್ ಮನೆತನದ ಜಾನ್‌ನನ್ನು ಮದುವೆಯಾದಳು. ಅವನ ಅಣ್ಣ ನಿಕೊಲಸ್ ವಾದಿಸಿದ. ದೊರೆಗಾಗಿ ಒತ್ತೆ ಹೋಗುವುದು ಸಾಮಂತರ ಕರ್ತವ್ಯ, ಅದರಿಂದ ಗಡುವು ನಿಲ್ಲುವುದಿಲ್ಲ ಎಂದು 1276ರಲ್ಲಿ ಸಭೆ ತೀರ್ಪು ಕೊಟ್ಟಿತು. ಕೇಸು ಗೆದ್ದ ಮೇಲೆ ವಿಲಿಯಂ ಮೂರನೆಯ ಒಂದು ಪಾಲನ್ನು, 8 ಫೀಫ್ ಮಾತ್ರ, ಅವಳಿಗೆ ಹಕ್ಕಾಗಿ ಅಲ್ಲ, ದಾನವಾಗಿ ಕೊಟ್ಟ. ಉಳಿದದ್ದು ತನ್ನ ಕಿರಿಮಗಳಿಗೆ.

ಇದೇ ಗಡುವಿನ ಮೇಲೆ ಕಟ್ಟಿದ ಇನ್ನೊಂದು ಕಥೆ ‘ಮೊರಿಯಾದ ವೃತ್ತಾಂತ’ದಲ್ಲಿದೆ: ಶಾಂಪ್ಲಿತ್‌ನ ಬಂಧು ರಾಬರ್ಟ್ ಹಕ್ಕು ಕೇಳಲು ಬಂದಾಗ ಜೆಫ್ರಿ ಊರಿಂದೂರಿಗೆ ಜಾಗ ಬದಲಿಸುತ್ತ ಗಡುವು ದಾಟಿಸಿದ ಎಂದು. ರುಚಿಯಾದ ಕಥೆ, ಚರಿತ್ರೆಯಲ್ಲ. ಗ್ರೀಕ್, ಫ್ರೆಂಚ್, ಅರಗಾನ್, ಇಟಾಲಿಯನ್ ಭಾಷೆಗಳಲ್ಲಿರುವ ಆ ವೃತ್ತಾಂತ ಕಟ್ಟಳೆ, ನಡಾವಳಿಗಳಿಗೆ ಒಳ್ಳೆಯ ಆಕರ. ಮೊದಲ ದಶಕಗಳ ಹೆಸರು, ಇಸವಿಗಳಿಗೆ ಅದನ್ನೊಂದನ್ನೇ ನೆಚ್ಚಬಾರದು.

ಪ್ರಶ್ನೆ: ಕಡೆಗೆ ಮುಳುಗಿದ್ದು ಹೇಗೆ?
— ಓದುಗರು, ಶಹಾಪುರ

ಉತ್ತರ: ವಿಲಿಯಂಗೆ ಗಂಡುಮಕ್ಕಳಿರಲಿಲ್ಲ. 1267ರಲ್ಲಿ ವಿಟೆರ್ಬೊದಲ್ಲಿ ನೇಪಲ್ಸ್‌ನ ದೊರೆ ಚಾರ್ಲ್ಸ್‌ನ ನೆರವು ಬೇಡಿ ಬರೆದುಕೊಟ್ಟ ಕರಾರು ಹೀಗಿತ್ತು: ಮಗಳು ಇಸಾಬೆಲ್ಲಾಳನ್ನು ಚಾರ್ಲ್ಸ್‌ನ ಮಗ ಫಿಲಿಪ್‌ಗೆ ಕೊಡುವುದು, ಅವನು ಸಂತಾನವಿಲ್ಲದೆ ಸತ್ತರೆ ಸಂಸ್ಥಾನ ಚಾರ್ಲ್ಸ್‌ನ ಕಡೆಗೇ. ಫಿಲಿಪ್ 1277ರಲ್ಲಿ ಸತ್ತ, ವಿಲಿಯಂ 1278ರಲ್ಲಿ. ಅಂದಿನಿಂದ ನೇಪಲ್ಸ್‌ನಿಂದ ಬರುವ ಕಾರಭಾರಿಗಳ ಆಡಳಿತ. 1289ರಲ್ಲಿ ಇಸಾಬೆಲ್ಲಾಳಿಗೆ ಮರುಮದುವೆ ಮಾಡಿ ಕಳಿಸಿದರು, ನಮ್ಮ ಒಪ್ಪಿಗೆಯಿಲ್ಲದೆ ಮತ್ತೆ ಮದುವೆಯಾಗಕೂಡದು ಎಂಬ ಷರತ್ತಿನೊಂದಿಗೆ. ವಿಧವೆಯಾದ ಅವಳು 1301ರಲ್ಲಿ ಸವಾಯ್‌ನ ಫಿಲಿಪ್‌ನನ್ನು ಮದುವೆಯಾದಳು. ಕೆಲವೇ ವರ್ಷಗಳಲ್ಲಿ ಸಂಸ್ಥಾನ ಅವಳ ಕೈ ತಪ್ಪಿತು.

ಎರಡನೆಯ ಪೆಟ್ಟು 1311ರ ಮಾರ್ಚ್ 15ರದು. ಅಥೆನ್ಸ್‌ನ ದೊರೆ ವಾಲ್ಟರ್, ಕೆಟಲಾನ್ ಬಾಡಿಗೆ ದಂಡನ್ನು ಕರೆಸಿ, ಕೆಲಸ ಮುಗಿದ ಮೇಲೆ 200 ಸವಾರರನ್ನೂ 300 ಕಾಲಾಳುಗಳನ್ನೂ ಇಟ್ಟುಕೊಂಡು, ಉಳಿದವರಿಗೆ ನಾಲ್ಕು ತಿಂಗಳ ಸಂಬಳ ಬಾಕಿ ಇಟ್ಟು ಹೋಗಿ ಎಂದ. ಅವರು ಜೌಗು ನೆಲದ ಹಿಂದೆ ಸಾಲುಗಟ್ಟಿದರು. ಹಸಿರು ಬಯಲೆಂದು ನುಗ್ಗಿದ ಕಬ್ಬಿಣ ತೊಟ್ಟ ಸವಾರರ ಕುದುರೆಗಳು ಎರೆನೆಲದಲ್ಲಿ ಮಳೆಗಾಲದ ಗಾಡಿಯಂತೆ ಹೂತವು. ಸತ್ತವರಲ್ಲಿ ಮೊರಿಯಾದಿಂದ ನೆರವಿಗೆ ಹೋದವರೂ ಇದ್ದರು. ಅಥೆನ್ಸ್ 1388ರವರೆಗೆ ಕೆಟಲಾನರದಾಯಿತು.

ಆಮೇಲಿನದನ್ನು ಬೇಗ ಮುಗಿಸಬಹುದು. ಗಾದಿಗಾಗಿ ಹೊರಗಿನವರ ಜಗಳ, 1380ರ ದಶಕದಲ್ಲಿ ನವಾರಾದ ಬಾಡಿಗೆ ದಂಡು, 1404ರಿಂದ ಕೊನೆಯ ದೊರೆ ಚೆಂಚುರಿಯೋನೆ ಜಕ್ಕಾರಿಯಾ. ಮಿಸ್ತ್ರಾಸ್‌ನ ಗ್ರೀಕ್ ರಾಜಕುಮಾರ ಥಾಮಸ್‌ಗೆ 1430ರಲ್ಲಿ ಅವನು ಮಗಳು ಕ್ಯಾಥರಿನ್‌ಳನ್ನು ಕೊಟ್ಟ, ಉಳಿದ ನೆಲವೇ ವರದಕ್ಷಿಣೆ. 1432ರಲ್ಲಿ ಮಾವ ಸತ್ತದ್ದೇ ತಡ, ಥಾಮಸ್ ಎಲ್ಲವನ್ನೂ ತೆಗೆದುಕೊಂಡ. 1460ರಲ್ಲಿ ತುರ್ಕರು ಅವನನ್ನೂ ಓಡಿಸಿದರು.

ಪ್ರಶ್ನೆ: ನಮ್ಮ ಭಾಗಕ್ಕೂ ಈ ಸಂಸ್ಥಾನಕ್ಕೂ ಏನಾದರೂ ನಂಟು ಉಂಟೇನ್ರಿ?
— ಓದುಗರು, ಸುರಪುರ

ಉತ್ತರ: ನೇರ ನಂಟಿಲ್ಲ. ಎಳೆದರೆ ಒಂದು ನೂಲು ಸಿಗುತ್ತದೆ. ಥಾಮಸ್ ಮತ್ತು ಕ್ಯಾಥರಿನ್‌ರ ಮಗಳು ಜೋಯಿ, ಅಂದರೆ ಅಖಾಯಾದ ಕೊನೆಯ ದೊರೆಯ ಮೊಮ್ಮಗಳು, 1472ರಲ್ಲಿ ಮಾಸ್ಕೋದ ಮೂರನೆಯ ಇವಾನ್‌ನನ್ನು ಮದುವೆಯಾಗಿ ಸೋಫಿಯಾ ಎನಿಸಿಕೊಂಡಳು. ಅದೇ ಸುಮಾರಿಗೆ ಬೀದರ್‌ನಲ್ಲಿ ಗವಾನನ ಮದರಸಾ ಎದ್ದು ನಿಂತಿತ್ತು, ತ್ವೇರ್ ಊರಿನ ವ್ಯಾಪಾರಿ ಅಫನಾಸಿ ನಿಕಿಟಿನ್ ಒಂದು ಕುದುರೆ ಮಾರಲು ಬೀದರ್‌ಗೆ ಬಂದಿದ್ದ.